ಸಿದ್ದಮಲ್ಲಪ್ಪನ ಮೂರು ಮೆಟ್ಟಿಲು

ನಮ್ಮ ಮನೆಗೆ ಬಂದವರೆಲ್ಲ ಹಾಲ್‌ನ ಕಿಟಕಿ ಕೆಳಗಿರುವ ಮೂರು ಮೆಟ್ಟಿಲನ್ನು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ನಾನು ಕಾಫಿ ತರುವ ನೆಪ ಮಾಡಿ ಅಡುಗೆಮನೆಗೆ ಓಡುತ್ತೇನೆ. ಆ ಮೆಟ್ಟಿಲು ಸಿದ್ದಮಲ್ಲಪ್ಪನವರದು. ಬದುಕಿದ್ದಾಗ ಅವರಿಗೆ "ಏನಯ್ಯಾ" ಅನ್ನುತ್ತಿದ್ದೆ. ಈಗ "ಅವರು" ಅಂತಿದ್ದೀನಲ್ಲ, ಅದಕ್ಕೂ ನಾಚಿಕೆಯಾಗುತ್ತೆ. ಇರಲಿ, ಹೇಳಿಬಿಡ್ತೀನಿ. ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ತೊಂಬತ್ತಾರರಲ್ಲಿ ಬನ್ನಿಮಂಟಪದಲ್ಲಿ ಮನೆ ಕಟ್ಟಿಸಿದೆವು. ಅದಕ್ಕೆ ಮುಂಚೆ ಚಾಮರಾಜಪುರಂನಲ್ಲಿ ಬಾಡಿಗೆಗಿದ್ದಾಗ ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಓನರ್ ಅಪ್ಪಣೆ ಕೇಳಬೇಕಿತ್ತು. ಹಾಗಾಗಿ ಸ್ವಂತದ ಖಾಲಿ ಮನೆ ಸಿಕ್ಕಿದ್ದೇ ತಡ, ನನಗೆ ತಲೆ ನಿಲ್ಲಲಿಲ್ಲ. ವಾರಪತ್ರಿಕೆಗಳಿಂದ ಚಿತ್ರ ಕತ್ತರಿಸಿ ಒಂದು ನೋಟ್‌ಬುಕ್ಕಿನ ತುಂಬ ಅಂಟಿಸಿಕೊಂಡಿದ್ದೆ. ಗೋಡೆ ತುಂಬ ಶೋಕೇಸು, ಬಾಗಿಲಿಗೆ ಪ್ಲಾಸ್ಟಿಕ್ ಬಳ್ಳಿ, ಮುಂದಿನ ಹತ್ತಡಿ ಜಾಗದಲ್ಲಿ ಹುಲ್ಲುಹಾಸು, ಅದರ ನಡುವೆ ಸಿಮೆಂಟಿನ ಹಂಸ. ನಮ್ಮೆಜಮಾನರು ಮಹದೇವಪ್ರಸಾದ್ ಅದನ್ನು ತಿರುವಿ ನೋಡಿ, "ನಾವು ಎಲ್ಲಿರೋದು ಗಿರಿಜಾ?" ಅಂದರು.

ಸಿದ್ದಮಲ್ಲಪ್ಪ ಸುಣ್ಣಬಣ್ಣ ಹೊಡೆಯೋಕೆ ಬಂದವರು. ಐವತ್ತೈದರ ಆಸುಪಾಸು, ಹಣೆ ತುಂಬ ವಿಭೂತಿ, ಮೈ ತುಂಬ ಸುಣ್ಣದ ಚುಕ್ಕೆ. ಮೊದಲನೇ ದಿನ ಬ್ರಷ್ಷನ್ನೇ ಮುಟ್ಟಲಿಲ್ಲ. ಬೆಳಗ್ಗಿನಿಂದ ಖಾಲಿ ಹಾಲ್‌ನಲ್ಲಿ ಕೂತು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೀತಿದ್ದರು. ನನಗೆ ರೇಗಿಹೋಯಿತು.

"ಏನಯ್ಯಾ, ಬಣ್ಣ ಹೊಡಿ ಅಂತ ಕರೆದರೆ ಕುಂಟೆಬಿಲ್ಲೆ ಆಡ್ತಿದ್ದೀಯಾ?"

"ಬಿಸಿಲು ಎಲ್ಲೆಲ್ಲಿ ಓಡಾಡ್ತದೆ ಅಂತ ನೋಡ್ತಾವ್ನಿ ಅಮ್ಮಾವ್ರೇ. ನೀವು ಬರೋಕೆ ಮುಂಚೆನೇ ಅದು ಬಂದ್ಬುಟ್ಟದೆ. ಅದಕ್ಕೆ ಜಾಗ ಬುಟ್ಟು ಆಮ್ಯಾಕೆ ನಿಮ್ಮ ಸಾಮಾನು ಇಡಿ."

ಅವರು ಕೆಲಸ ಮಾಡುತ್ತಿದ್ದದ್ದೇ ಹಾಗೆ. ಒಂದು ಹಗಲು ಪೂರ್ತಿ ಸುಮ್ಮನೆ ಕೂತು ನೋಡಿ, ಆಮೇಲೆ ಬಾಯಿ ಬಿಡೋರು. ಸಂಜೆ ನನ್ನ ನೋಟ್‌ಬುಕ್ ಮುಚ್ಚಿ ಪಕ್ಕಕ್ಕಿಟ್ಟರು. ಪೂರ್ವದ ಕಿಟಕಿ ಕೆಳಗೆ ಕಲ್ಲಿನ ಮೂರು ಮೆಟ್ಟಿಲು ಕಟ್ಟಿಸಿಬಿಡಿ ಅಂದರು. ದಿನಾ ಕೂತುಕೊಳ್ಳಲಿಕ್ಕಾಯಿತು, ದಸರೆಯಲ್ಲಿ ಗೊಂಬೆ ಕೂರಿಸಲಿಕ್ಕೂ ಆಯಿತು. ಅಡುಗೆಮನೆ ಕತ್ತಲು ಅಂತ ಗೊಣಗಿದೆ. ಅಡುಗೆಮನೆ ಬಿಟ್ಟು, ಅದರ ಕಿಟಕಿ ಎದುರಿನ ಕಾಂಪೌಂಡ್ ಗೋಡೆಗೆ ಎರಡು ಸಲ ಬಿಳಿ ಸುಣ್ಣ ಬಳಿದರು. ಮಾರನೇ ದಿನ ಲೈಟ್ ಹಾಕದೇ ಅಕ್ಕಿಯಲ್ಲಿ ಕಲ್ಲು ಆರಿಸಿದೆ, ನಂಬಿ!

"ಹುಲ್ಲಿಗೆ ನೀರು ಕುಡ್ಸೋರು ಯಾರು? ಕಿಟಕಿ ತಾವ ಒಂದು ಪಾರಿಜಾತ ನೆಟ್ಬುಡಿ. ದಿನಾ ಬೆಳಗ್ಗೆ ಅದೇ ಚಾಪೆ ಹಾಸ್ತದೆ" ಅಂದರು.

"ಹಂಸ ಮಾತ್ರ ಬಿಡಲ್ಲ" ಅಂದೆ.

"ಇಟ್ಕಳಿ, ಪಾರಿಜಾತದ ಹಿಂದ್ಕೆ. ಯಾರಿಗೂ ಕಾಣಾಕಿಲ್ಲ."

ಮಾರನೇ ವರ್ಷ ದಸರೆಗೆ ಒಂದು ವಾರ ಮುಂಚೆ ಬಂದು ಗೇಟಿನ ಹತ್ತಿರ ನಿಂತರು. ಮಂಡಿ ಸವೆದುಹೋಗಿ ಏಣಿ ಹತ್ತೋಕಾಗ್ತಿಲ್ಲವಂತೆ. ಕಂಟ್ರಾಕ್ಟರ್ ಗುರುಮಲ್ಲಪ್ಪನವರು ಲಕ್ಷ್ಮೀಪುರಂ ಕಡೆ ಮನೆ ಕಟ್ಟಿಸುತ್ತಿದ್ದರು. ಖಾಲಿ ಮನೆ ನೋಡಿ ಎಲ್ಲಿ ಏನಿರಬೇಕು ಅಂತ ಹೇಳೋ ಕೆಲಸ ಅವರ ಹತ್ತಿರ ಇತ್ತಂತೆ, ನೆಲದ ಮೇಲೆ ನಿಂತು ಮಾಡೋದು. ಆದರೆ ಇವರ ತಲೆಗೆ ಅಷ್ಟು ಗೊತ್ತು ಅಂತ ಅವರು ನಂಬಬೇಕಲ್ಲ. "ನಿಮ್ಮನೆ ತೋರಿಸ್ಲಾ ಅಮ್ಮಾವ್ರೇ? ಒಂದು ಮಾತು ನೀವು ಹೇಳುದ್ರೆ ಸಾಕು" ಅಂದರು.

"ಕರ್ಕೊಂಡು ಬಾರಯ್ಯ, ನಾನೇ ಹೇಳ್ತೀನಿ" ಅಂದೆ. ಈ ನಾಲಿಗೆಯಿಂದಲೇ ಅಂದೆ.

ಅವರಿಬ್ಬರೂ ಬಂದದ್ದು ಗೊಂಬೆ ನೋಡೋಕೆ ಬೀದಿ ಹೆಂಗಸರೆಲ್ಲ ಸೇರಿದ್ದ ಸಂಜೆ. ಎದುರುಮನೆ ಪ್ರೇಮಲೀಲಾ, ಮೂಗು ಮುರಿಯೋದು ಬಿಟ್ಟು ಬೇರೇನೂ ಗೊತ್ತಿಲ್ಲದ ಹೆಂಗಸು, ಅವತ್ತು ಮೆಟ್ಟಿಲು ಸವರಿ ನೋಡಿ, "ಯಾವ ಇಂಜಿನಿಯರ್ ಕಣ್ರೀ ಇದು?" ಅಂದಳು. ಅವಳ ಬಾಯಲ್ಲಿ ಆ ಮಾತು ಕೇಳಿ ನಾನು ಉಬ್ಬಿಹೋದೆ. "ಇಂಜಿನಿಯರೂ ಇಲ್ಲ, ಯಾರೂ ಇಲ್ಲ. ಎಲ್ಲ ನನ್ನ ತಲೆಯಿಂದಲೇ ಬಂದಿದ್ದು" ಅಂದುಬಿಟ್ಟೆ. ಅಷ್ಟರಲ್ಲಿ ಗೇಟು ಸದ್ದಾಯಿತು. ಮುಂದೆ ಗುರುಮಲ್ಲಪ್ಪನವರು, ಹಿಂದೆ ಒಗೆದ ಬಿಳಿ ಅಂಗಿ ತೊಟ್ಟ ಸಿದ್ದಮಲ್ಲಪ್ಪ. ಆ ಅಂಗಿಯಲ್ಲಿ ಅವರನ್ನು ನಾನು ನೋಡಿಯೇ ಇರಲಿಲ್ಲ.

ಗುರುಮಲ್ಲಪ್ಪನವರು ಸುತ್ತ ನೋಡಿ, "ಇದೆಲ್ಲ ಈತನ ಯೋಚನೆಯಂತೆ, ಹೌದೇನಮ್ಮಾ?" ಅಂದರು.

"ಅಯ್ಯೋ, ಈಗ ತಾನೇ ಗಿರಿಜಾಂಬಾ ತಮ್ಮದು ಅಂದರಲ್ಲ!" ಪ್ರೇಮಲೀಲಾ ನನ್ನನ್ನೇ ನೋಡಿದಳು. ಎಲ್ಲರೂ ನೋಡಿದರು.

ಹೇಳೋಕೆ ಎಷ್ಟು ಹೊತ್ತು ಬೇಕಿತ್ತು? "ಹೌದು, ಇವರದೇ." ಎರಡೇ ಮಾತು. ನಾನು ಹೇಳಿದ್ದು ಬೇರೆ: "ಯೋಚನೆ ನಂದೇ. ಇವನು ಬಣ್ಣ ಹೊಡೆದ, ಚೆನ್ನಾಗೇ ಹೊಡೆದ."

ಸಿದ್ದಮಲ್ಲಪ್ಪ ನನ್ನ ಮುಖ ನೋಡಿದರು. ಕೋಪ ಮಾಡಿಕೊಂಡಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆನೇನೋ. ಅವರು ಗುರುಮಲ್ಲಪ್ಪನವರ ಕಡೆ ತಿರುಗಿ, "ಹೂಂ ಸಾಮಿ. ಅಮ್ಮಾವ್ರು ಹೇಳುದ್ರು, ನಾನು ಮಾಡ್ದೆ. ಜಂಬಕ್ಕೆ ಒಂದು ಮಾತು ಜಾಸ್ತಿ ಆಡ್ಬುಟ್ಟೆ" ಅಂದರು. "ಈ ವಯಸ್ಸಲ್ಲಿ ಸುಳ್ಳು ಬೇಕಾಗಿತ್ತೇನಯ್ಯ?" ಅಂತ ಗದರಿ ಗುರುಮಲ್ಲಪ್ಪನವರು ಹೊರಟುಹೋದರು. ನಾನು ಸಿದ್ದಮಲ್ಲಪ್ಪನ ಕೈಗೆ ಒಂದು ಪೊಟ್ಟಣ ಕೊಬ್ಬರಿ ಮಿಠಾಯಿ ಕೊಟ್ಟೆ. ಎರಡೂ ಕೈ ಒಡ್ಡಿ ಈಸ್ಕೊಂಡರು. ಥೂ, ನನ್ನ ಜನ್ಮಕ್ಕಿಷ್ಟು!

ಗುರುಮಲ್ಲಪ್ಪನವರಿಗೆ ನಿಜ ಹೇಳಿಬರೋಣ ಅಂತ ಅವತ್ತೇ ಅಂದುಕೊಂಡೆ. ಇವತ್ತು, ನಾಳೆ, ಹಬ್ಬ ಕಳೀಲಿ, ಪ್ರೇಮಲೀಲಾಗೆ ಗೊತ್ತಾದರೆ ಬೀದೀಲಿ ತಲೆ ಎತ್ತೋದು ಹೇಗೆ? ಹಾಗೇ ಏಳು ವರ್ಷ ಹೋಯಿತು.

ಎರಡು ಸಾವಿರದ ನಾಲ್ಕರಲ್ಲಿ ಮನೆಗೆ ಮತ್ತೆ ಬಣ್ಣ ಹೊಡೆಸಬೇಕಾಯಿತು. ಬಂದವನು ಮಹದೇವು ಅಂತ. ಸಿದ್ದಮಲ್ಲಪ್ಪ ಎಲ್ಲಪ್ಪ ಅಂತ ಕೇಳಿದೆ. "ಇನ್ನೆಲ್ಲಿ ಅಮ್ಮಾವ್ರೇ? ಏಣಿಯಿಂದ ಬಿದ್ದು ಎರಡು ವರ್ಷ ಮಲಗಿದ್ದ ಜಾಗದಲ್ಲೇ ಇದ್ರು. ಈ ಶಿವರಾತ್ರೀಲಿ ಹೋಗ್ಬುಟ್ರು" ಅಂದ.

ಆ ಏಣಿಗೆ ಅವರನ್ನು ವಾಪಸ್ ಹತ್ತಿಸಿದವಳು ನಾನು.

ಅವತ್ತೇ ಕೆಸರೆಯಲ್ಲಿದ್ದ ಅವರ ಮನೆ ಹುಡುಕಿಕೊಂಡು ಹೋದೆ. ಒಂದೇ ಕೋಣೆ. ಕಿಟಕಿ ಕೆಳಗೆ ಇಟ್ಟಿಗೆಯ ಮೂರು ಮೆಟ್ಟಿಲು, ಸುಣ್ಣ ಬಳಿದದ್ದು. ನಾನು ಯಾರು ಅಂತ ಹೇಳಿದ ತಕ್ಷಣ ಅವರ ಹೆಂಡತಿ ಪುಟ್ಟಲಿಂಗಮ್ಮನ ಮುಖ ಅರಳಿತು.

"ಬನ್ನಿಮಂಟಪದ ಮೆಟ್ಲು ಮನೆ ಅಮ್ಮಾವ್ರಾ! ನೋಡಿ, ನಿಮ್ಮನೇಲಿ ಮಾಡಿದ್ಮ್ಯಾಕೆ ನಮ್ಮನೇಗೂ ಕಟ್ಟುದ್ರು. 'ಇದು ನನ್ನ ತಲೆಯಿಂದ ಬಂದಿದ್ದಲ್ಲ ಕಣೆ, ಆ ತಾಯಿ ತಲೆ' ಅಂತ ಬಂದೋರಿಗೆಲ್ಲ ಹೇಳೋರು. ಮಲಗಿದ್ದಾಗ್ಲೂ ಹೇಳೋರು."

ನಾನು ಅವಳ ಕೈ ಹಿಡಿದುಕೊಂಡೆ. "ಅಲ್ಲ ಕಣಮ್ಮ, ಅದೆಲ್ಲ ಅವರದೇ. ಮೆಟ್ಟಿಲು, ಸುಣ್ಣದ ಗೋಡೆ, ಪಾರಿಜಾತ, ಎಲ್ಲ. ಜನರ ಮುಂದೆ ದೊಡ್ಡಸ್ತಿಕೆಗೆ ನಾನು ಸುಳ್ಳು ಹೇಳಿದೆ. ಅದರಿಂದಲೇ ಅವರಿಗೆ ಆ ಕೆಲಸ ತಪ್ಪಿದ್ದು" ಅಂತ ಅತ್ತುಬಿಟ್ಟೆ.

ಪುಟ್ಟಲಿಂಗಮ್ಮ ಸೆರಗಿನಿಂದ ನನ್ನ ಕಣ್ಣು ಒರೆಸಿ, ಆ ಮೆಟ್ಟಿಲ ಮೇಲೇ ಕೂರಿಸಿದಳು. ಒಳ್ಳೆಯವರು ನೀವು, ಸತ್ತವರಿಗೆ ಹೆಸರು ಬರಲಿ ಅಂತ ಹೀಗೆ ಹೇಳ್ತೀರಿ ಅಂದಳು. ಇಲ್ಲಮ್ಮ, ಇಲ್ಲ ಅಂತ ಮತ್ತೆ ಹೇಳಿದೆ. ಅವಳು ಕಾಫಿ ಲೋಟ ನನ್ನ ಕೈಗಿಟ್ಟಳು.

"ಬುಡಿ ಅಮ್ಮಾವ್ರೇ. ನಮ್ಮೆಜಮಾನ್ರು ಸುಳ್ಳು ಹೇಳೋ ಜನ ಅಲ್ಲ. ಕಾಪಿ ಕುಡೀರಿ."

ಕುಡಿದೆ.