ಕೀಲೆಣ್ಣೆ ಕುಡಿದ ರಬ್ಬರು

ಅಥವಾ ಆ ಮಾತನ್ನು ಮೆಕ್ಯಾನಿಕ್ ನನಗೆ ಹೇಳಿರಲೇ ಇಲ್ಲವೇನೋ; ಡ್ರೈವರನಿಗೆ ಹೇಳಿದ್ದನ್ನು ನಾನು ಹಿಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಂಡೆನೇನೋ. ಹಾಗಿದ್ದರೆ ಇದನ್ನು ಬರೆಯುವ ಕಾರಣವೇ ಇಲ್ಲ. ಮನೆಯಲ್ಲಿ ಹೇಳಬೇಕಾಗಿದ್ದವನು ಅವನು, ನಾನು ಪೆನ್ನು ಮುಚ್ಚಿಡಬಹುದು. ಆದರೆ ನನ್ನ ನೆನಪಿನಲ್ಲಿ ಡ್ರೈವರು ಕಾರಿನ ಹತ್ತಿರ ಇಲ್ಲ. ರಸ್ತೆಯಾಚೆ ಚಹಾದಂಗಡಿಯ ಬೆಂಚಿನ ಮೇಲೆ ಅವನ ಬೆನ್ನು ಮಾತ್ರ ಕಾಣುತ್ತಿದೆ. ಮೆಕ್ಯಾನಿಕ್ ಕಿಟಕಿಯ ಪರದೆಯನ್ನು ಮಸಿ ತಾಗದ ಹಾಗೆ ಎರಡೇ ಬೆರಳಿನಲ್ಲಿ ಸರಿಸಿ ನನ್ನೊಡನೆ ಮಾತಾಡುತ್ತಿದ್ದಾನೆ. ಈ ಚಿತ್ರ ಎಷ್ಟು ಸ್ಪಷ್ಟವಾಗಿದೆಯೆಂದರೆ ಅದನ್ನು ನಂಬಲು ನನಗೆ ಹೆದರಿಕೆ.

ಊರು ಸಾಗರ. ಅರವತ್ತರ ದಶಕದ ನಡುವಿನ ಒಂದು ಚಳಿಗಾಲ. ಶರಾವತಿಯ ಅಣೆಕಟ್ಟಿನ ಕೆಲಸಕ್ಕೆಂದು ಬಂದು ಅಲ್ಲೇ ನಿಂತುಬಿಟ್ಟಿದ್ದ ಆ ಮೆಕ್ಯಾನಿಕ್‌ಗೆ ದೊಡ್ಡ ಗಾಡಿಗಳ ಮೈ ಗೊತ್ತಿತ್ತು. ನಮ್ಮದು ದೊಡ್ಡ ಗಾಡಿಯೇ. ಚಿಕ್ಕಮಗಳೂರು ಕಡೆಯ ತೋಟದ ದೊರೆಯೊಬ್ಬರು ತಮ್ಮ ದೇಶಕ್ಕೆ ಹೊರಟಾಗ ನನ್ನ ಮಾವ ಕೊಂಡುಕೊಂಡ ಹಳೆಯ ವಿಲಾಯಿತಿ ಕಾರು. ಕಪ್ಪು ಮೈ, ಚರ್ಮದ ಸೀಟು, ಹಿಂದಿನ ಕಿಟಕಿಗಳಿಗೆ ನನ್ನ ಅತ್ತೆ ಹೊಲಿಸಿದ ನೀಲಿ ಪರದೆ. ಮಾವನಿಗೆ ಹೊಸನಗರದಲ್ಲಿ ಅಕ್ಕಿ ಗಿರಣಿಯಿತ್ತು. ಆ ಮನೆಯ ಹೆಂಗಸರು ಬಸ್ಸು ಹತ್ತುವುದಿಲ್ಲ ಎನ್ನುವುದನ್ನು ನನ್ನ ಮದುವೆಯ ಮಾತುಕತೆಯಲ್ಲೇ ನನ್ನ ಅಪ್ಪನಿಗೆ ಹೇಳಿದ್ದರು. ತೀರ್ಥಹಳ್ಳಿಯ ಅಡಿಕೆ ಮಂಡಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಅದನ್ನು ಮಗಳ ಅದೃಷ್ಟವೆಂದು ತಿಳಿದ. ಓದುವಾಗ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಸೀಟಿಗಾಗಿ ಮೊಣಕೈಯಲ್ಲಿ ಜಗಳವಾಡಿದವಳು ನಾನು. ನಾನೂ ಅದೃಷ್ಟವೆಂದೇ ತಿಳಿದೆ. ಇಲ್ಲಿ ಸುಳ್ಳು ಹೇಳಬಾರದು.

ಕಾರು ಹೋದರೆ ನಾನು ಹೋದೆ, ಕಾರು ನಿಂತರೆ ನಾನು ನಿಂತೆ. ಎರಡು ವರ್ಷದಲ್ಲಿ ಹೊಸನಗರದ ಪೇಟೆಬೀದಿಯನ್ನು ನಾನು ನಡೆದು ದಾಟಿದ್ದು ಎಷ್ಟು ಸಲವೆಂದು ಬೆರಳಲ್ಲಿ ಎಣಿಸಬಹುದಿತ್ತು.

ಆ ಚಳಿಗಾಲದಲ್ಲಿ ಕಾರಿನ ಬುಷ್ಷುಗಳು ಸತ್ತಿದ್ದವು. ಚಕ್ರ ಹಿಡಿದ ಕಬ್ಬಿಣದ ತೋಳು ಕಾರಿನ ಚೌಕಟ್ಟಿಗೆ ಸೇರುವ ಕಡೆ, ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ, ದಪ್ಪನೆಯ ಒಂದು ರಬ್ಬರ್ ಬಳೆ ಇರುತ್ತದೆ. ಹೊಂಡದ ಹೊಡೆತ ತಿನ್ನುವುದು ಅದು. ಹಳೆಯವು ಒಣಗಿ ಬಿರಿದಿದ್ದವು. ಹೊಸವು ಮುಂಬಯಿಯಿಂದ ಪಾರ್ಸೆಲ್ಲಿನಲ್ಲಿ ಬರಲು ಮೂರು ತಿಂಗಳು ಹಿಡಿಯಿತು. ಮೂರು ತಿಂಗಳು ನಾನು ಮನೆ ಬಿಟ್ಟು ಹೊರಡಲಿಲ್ಲ. ಕಾರು ಸಾಗರಕ್ಕೆ ಹೊರಟ ದಿನ ಅಲ್ಲಿಯೇ ಇದ್ದ ಅತ್ತೆಯ ತಂಗಿಯ ಮನೆಗೆಂದು ನನ್ನನ್ನೂ ಕೂರಿಸಿದರು. ಸಂಜೆ ವಾಪಸು ಹೊರಡುವಾಗ ಮೆಕ್ಯಾನಿಕ್ ಕೊನೆಯದಾಗಿ ಬೋಲ್ಟು ಬಿಗಿ ಮಾಡಿ ಪರದೆ ಸರಿಸಿದ.

"ಅಮ್ಮಾ, ಒಂದ್ ಮಾತು ಮನೇಲಿ ಹೇಳ್ಬಿಡಿ. ಈ ರಬ್ಬರಿಗೆ ಎಣ್ಣೆ ತಾಗಿಸ್ಬಾರ್ದು. ಧೂಳು ಕೂತು ಕಿರ್ ಅಂತದೆ. ಅನ್ಲಿ, ಕೂಗ್ಲಿ ಬಿಡಿ. ನೀರು ಹಾಕಿ ತೊಳೀರಿ ಸಾಕು. ಎಣ್ಣೆ ಕುಡಿದ್ರೆ ಉಬ್ತದೆ, ಉಬ್ಬಿ ಕೊಳೀತದೆ. ಹತ್ತು ವರ್ಷ ಬರೋ ಮಾಲು ಹತ್ತು ತಿಂಗ್ಳೂ ಬರಲ್ಲ."

"ಡ್ರೈವರಿಗೆ ಹೇಳಿ," ಅಂದೆ.

"ಅವ್ನಿಗೆ ಹೇಳಿ ಎಂತ ಮಾಡೋದು? ಗೌಡ್ರು ಹಾಕು ಅಂದ್ರೆ ಹಾಕ್ತಾನೆ. ನೀವು ಓದಿದವ್ರು."

ಆ ಕೊನೆಯ ಮಾತು ಅವನದೋ, ನಾನು ಆಮೇಲೆ ಅಂಟಿಸಿದ್ದೋ ಗೊತ್ತಿಲ್ಲ. ಅನುಮಾನಕ್ಕೆ ಕಾರಣವಿದೆ. ಆ ವಾರ ನಾನು ಓದಿದವಳೆಂಬುದೇ ನನ್ನ ತಲೆಯಲ್ಲಿ ತುಂಬಿತ್ತು. ಸಾಗರದ ಒಂದು ಹೆಣ್ಣುಮಕ್ಕಳ ಶಾಲೆಗೆ ಮೇಡಂ ಬೇಕಾಗಿದ್ದಾರೆಂದು ಪೇಪರಿನಲ್ಲಿ ನೋಡಿ ನಾನು ಅರ್ಜಿ ಹಾಕಿದ್ದೆ. ಗಂಡನಿಗೆ ಹೇಳಿ ಹಾಕಿದ್ದೆ. ನನ್ನ ಗಂಡ ಕೆಟ್ಟವರಲ್ಲ, ತಮ್ಮ ಅಪ್ಪನ ಎದುರು ಮಾತು ಎತ್ತದವರು. "ನೀನೇ ಕೇಳು. ಹದ ನೋಡ್ಕೊಂಡು ಕೇಳು," ಅಂದರು. ಸಂದರ್ಶನ ಬೇಸಗೆಯ ಕೊನೆಗೆ. ಕೆಲಸ ಸಿಕ್ಕರೆ ಅತ್ತೆಯ ತಂಗಿಯ ಮನೆಯಲ್ಲಿದ್ದು ಶನಿವಾರ ಊರಿಗೆ ಬರುವುದು ಎಂದು ನಾನು ಮನಸ್ಸಿನಲ್ಲೇ ಏರ್ಪಾಡು ಮಾಡಿಕೊಂಡಿದ್ದೆ. ಅದಕ್ಕೆ ಮಾವ ಒಂದು ಸಲ ಹೂಂ ಅನ್ನಬೇಕು. ಬೇರೆ ದಾರಿ ಇರಲಿಲ್ಲ.

ಆದ್ದರಿಂದ ಹದ ನೋಡುತ್ತಿದ್ದೆ. ಅವರ ಕಾಫಿಗೆ ಬೆಲ್ಲ ಎಷ್ಟೆಂದು ಕಲಿತೆ. ಗಿರಣಿಗೆ ಬರುವ ಇಂಗ್ಲಿಷ್ ಕಾಗದಗಳನ್ನು ಓದಿ ಹೇಳಿದೆ. ಅವರ ಮಾತಿಗೆ ಎದುರು ಮಾತಾಡದವಳೆಂದು ಮನೆಯಲ್ಲಿ ಹೆಸರಾದೆ.

ಶಿವರಾತ್ರಿ ಹತ್ತಿರ ಬರುವ ಹೊತ್ತಿಗೆ ಕಾರು ಕೂಗತೊಡಗಿತು. ಕೆಂಪು ಧೂಳಿನ ದಿನಗಳು. ಅಣೆಕಟ್ಟಿನ ಲಾರಿಗಳು ರಸ್ತೆಯನ್ನು ಹಿಟ್ಟು ಮಾಡಿದ್ದವು. ಗೇಟಿನ ಹತ್ತಿರ ತಿರುಗಿದರೆ ಸಾಕು, ಹೊಸ ಚಪ್ಪಲಿಯಂತೆ ಕಿರುಗುಟ್ಟುತ್ತಿತ್ತು. ಮಾವನಿಗೆ ಅದು ಸಹಿಸದು.

"ಎಂತ ಮಾರಾಯ ಇದು, ಕಾರು ಬಂತೋ ಹಂದಿ ಬಂತೋ ತಿಳಿಯಲ್ಲ," ಎಂದು ಅವರು ಡ್ರೈವರನನ್ನು ರೇಗಿಸಿದ್ದು ನೆನಪಿದೆ.

"ಹಂದಿ ಆದ್ರೆ ಇಷ್ಟೊತ್ತಿಗೆ ಸಾರಾಗಿರ್ತಿತ್ತು ಗೌಡ್ರೆ," ಅಂದ ಡ್ರೈವರು. ಅವನಿಗೆ ಆ ಸಲಿಗೆ ಇತ್ತು.

"ಅಮಾಸೆ ಬರ್ಲಿ. ಗಾಡಿಗೆ ಹಾಕೋವಾಗ ಇದಕ್ಕೂ ಹಾಕು."

ಇದನ್ನು ವಿವರಿಸಬೇಕು. ನಮ್ಮ ಮನೆಯಲ್ಲಿ ಅಮಾವಾಸ್ಯೆಯ ದಿನ ಎತ್ತಿನ ಗಾಡಿ ಕಟ್ಟುತ್ತಿರಲಿಲ್ಲ. ಎತ್ತುಗಳಿಗೆ ಮೈ ತೊಳೆದು, ಗಾಡಿಯ ಚಕ್ರ ಕಳಚಿ ಅಚ್ಚಿಗೆ ಕೀಲೆಣ್ಣೆ ಬಳಿಯುವ ದಿನ ಅದು. ಗಾಡಿಯ ಕೆಳಗೆ ತೂಗುವ ಬಿದಿರಿನ ಗೊಟ್ಟದಲ್ಲಿ ಎಣ್ಣೆ. ಹರಳೆಣ್ಣೆ ದುಬಾರಿಯೆಂದು ಗಿರಣಿಯ ಎಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆಯನ್ನೇ ತುಂಬುತ್ತಿದ್ದರು. ಕೂಗುವ ಚಕ್ರಕ್ಕೆ ಎಣ್ಣೆ ಹಾಕದೆ ಓಡಿಸುವವನು ಎತ್ತಿಗೆ ದ್ರೋಹ ಮಾಡುವವನು ಎಂಬುದು ಮಾವನ ಲೆಕ್ಕ. ಆ ಕೋಪದಲ್ಲಿ ಒಂದು ಕರುಣೆಯೂ ಇತ್ತು. ಕಾರಿಗೆ ಎತ್ತಿಲ್ಲ ಎನ್ನುವುದಷ್ಟೇ ಅದರ ದೋಷ.

ಅಮಾವಾಸ್ಯೆ ಬಂತು. ಮಾವ ಗೋಣಿಚೀಲ ಹಾಸಿ, ಪಂಚೆ ಎತ್ತಿ ಕಟ್ಟಿ, ತಾವೇ ಕಾರಿನ ಅಡಿಗೆ ತೂರಿದರು. ಕೈಯಲ್ಲಿ ಗೊಟ್ಟ, ಎಣ್ಣೆ ಬಳಿಯಲು ಕೋಳಿಯ ಗರಿ. ನಾನು ಜಗಲಿಯಲ್ಲಿ ಕಾಫಿಯ ಲೋಟ ಹಿಡಿದು ನಿಂತಿದ್ದೆ.

ಇಲ್ಲಿಂದ ನನ್ನ ನೆನಪಿನಲ್ಲಿ ಒಂದೇ ಘಟನೆಗೆ ಎರಡು ಪಾಠಗಳಿವೆ.

ಒಂದರಲ್ಲಿ ನಾನು ಹೇಳುತ್ತೇನೆ: "ಮಾವ, ರಬ್ಬರಿಗೆ ಎಣ್ಣೆ ತಾಗಿಸಬಾರದಂತೆ, ಸಾಗರದವರು ಹೇಳಿದ್ರು." ಕಾರಿನ ಅಡಿಯಿಂದ ಉತ್ತರ ಬರುವುದಿಲ್ಲ. ಅವರಿಗೆ ಕೇಳಿಸಿಲ್ಲ, ಅಥವಾ ಕೇಳಿಸಿದ್ದು ಬೇಕಾಗಿಲ್ಲ. ಇನ್ನೊಂದರಲ್ಲಿ ನಾನು ಬಾಯಿ ತೆರೆದು, ಸಂದರ್ಶನ ನೆನಪಾಗಿ, ಮುಚ್ಚುತ್ತೇನೆ. ಅವರು ಎಣ್ಣೆ ಮೆತ್ತಿದ ಕೈಯಲ್ಲಿ ಹೊರಬಂದು "ತಗಾ, ಈಗ ಕೂಗ್ಲಿ ನೋಡಾನ," ಎಂದು ನಗುತ್ತಾರೆ. ಕಾಫಿ ಕೊಡುತ್ತೇನೆ. ಅದೇ ಸಂಜೆ ಸಾಗರದ ವಿಷಯ ಕೇಳುತ್ತೇನೆ. "ಹೋಗಿ ಬಾ. ಕಾರಲ್ಲಿ ಹೋಗು," ಅನ್ನುತ್ತಾರೆ.

ಅವರು ಹೂಂ ಅಂದದ್ದು ಅದೇ ಸಂಜೆ. ಅದರಲ್ಲಿ ಅನುಮಾನವಿಲ್ಲ, ಗಂಡ ನಂಬದೆ ಎರಡು ಸಲ ಕೇಳಿದರು. ಅದಕ್ಕೇ ಎರಡನೆಯ ಪಾಠದ ಬಗ್ಗೆ ನನಗೆ ದಿಗಿಲು. ಮೊದಲನೆಯದು ನನಗೆ ತೀರಾ ಅನುಕೂಲವಾಗಿದೆಯೆಂದು ಅದರ ಮೇಲೂ ನಂಬಿಕೆಯಿಲ್ಲ.

ಕಿರುಗುಟ್ಟುವುದು ನಿಂತಿತು. ಅದನ್ನು ನೋಡಿ ಎಲ್ಲರಿಗೂ ಮೆಕ್ಯಾನಿಕ್‌ಗಿಂತ ಮಾವನೇ ಮೇಲೆನ್ನಿಸಿತು. ಪ್ರತಿ ಅಮಾವಾಸ್ಯೆಗೆ ಗರಿ ಆಡಿತು. ನಾಲ್ಕನೆಯದರ ಹೊತ್ತಿಗೆ ಬೇರೊಂದು ಸದ್ದು ಶುರುವಾಯಿತು: ಬ್ರೇಕು ಒತ್ತಿದರೆ ಕೆಳಗೆಲ್ಲೋ ಟೊಕ್. ಡ್ರೈವರು ಸ್ಟೇರಿಂಗನ್ನು ಎಡಕ್ಕೆ ಸ್ವಲ್ಪ ಎಳೆದು ಹಿಡಿದೇ ನೇರ ಓಡಿಸಬೇಕಾಗಿತ್ತು. ಒಂದು ಟೈರು ಒಳಬದಿಯಲ್ಲಿ ಮಾತ್ರ ಸವೆಯಿತು.

ಸಂದರ್ಶನದ ದಿನ ಬೆಳಿಗ್ಗೆ ಬೇಗ ಹೊರಟೆವು, ನಾನು ಮತ್ತು ಡ್ರೈವರು. ನೇರ ದಾರಿ ಲಾರಿಗಳಿಂದ ಕೆಟ್ಟಿದೆಯೆಂದು ಅವನು ರಿಪ್ಪನ್‌ಪೇಟೆಯ ಮೇಲೆ ಬಳಸಿ ಹೊರಟ. ಗಾಡಿ ಎತ್ತಿನ ನಡಿಗೆಯಲ್ಲಿ ಸಾಗುತ್ತಿತ್ತು. ರಿಪ್ಪನ್‌ಪೇಟೆಯ ಕೂಡುರಸ್ತೆಗೆ ಸ್ವಲ್ಪ ಮೊದಲು ಒಂದು ಸಣ್ಣ ಹೊಂಡ. ಟೊಕ್ ಅಲ್ಲ, ಈ ಸಲ ಗುದ್ದು. ಮೂತಿ ಬಲಕ್ಕೆ ಹೊರಳಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಡ್ರೈವರು ಇಳಿದು, ಮಲಗಿ ನೋಡಿ, ಎದ್ದು ಬಂದು ಪರದೆಯ ಹತ್ತಿರ ಕೈ ಚಾಚಿದ. ಅಂಗೈಯಲ್ಲಿ ಕಪ್ಪು ಮುದ್ದೆ. ಬಿಸಿಲಿಗೆ ಕರಗಿದ ಬೆಲ್ಲದ ಹಾಗೆ ಬೆರಳಿಗೆ ಅಂಟುತ್ತಿತ್ತು.

"ರಬ್ಬರು ಅಂತ ಹೇಳ್ಬೇಕಷ್ಟೆ ಅಮ್ಮ," ಅಂದ. "ಸಾಗರ ಮುಟ್ಟಲ್ಲ. ಮೆಲ್ಲಗೆ ಉರುಳಿಸ್ಕೊಂಡು ಮನೆಗೆ ಹೋಗ್ಬೋದು, ಅಷ್ಟೆ."

ಕೂಡುರಸ್ತೆಯಲ್ಲಿ ಬಸ್ಸು ನಿಂತಿತ್ತು. ಕಂಡಕ್ಟರು "ಸಾಗರ, ಸಾಗರ, ಸಾಗರ" ಎಂದು ಕೂಗುತ್ತಿದ್ದ. ಒಬ್ಬ ಹೆಂಗಸು ಕೋಳಿಬುಟ್ಟಿಯೊಡನೆ ಹತ್ತಿದಳು. ಇಬ್ಬರು ಹುಡುಗಿಯರು ನಗುತ್ತಾ ಹತ್ತಿದರು. ನಲವತ್ತು ಹೆಜ್ಜೆ ಇರಬಹುದು. ಬರೆಯುತ್ತಾ ಹೋದ ಹಾಗೆ ಕಡಿಮೆಯಾಗುತ್ತಿದೆ, ಮೊದಲ ಸಲ ಬರೆದಾಗ ನೂರು ಇತ್ತು.

"ಆ ಬಸ್ಸು ಸಾಗರಕ್ಕಾ?" ಅಂದೆ, ಕೇಳಿಸದವಳ ಹಾಗೆ.

ಡ್ರೈವರು ಬಸ್ಸನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ಹತ್ತಿ ಅಂದ್ರೆ ನನ್ನ ಕೆಲಸ ಹೋಗ್ತದೆ ಅಮ್ಮ. ಹತ್ಬೇಡಿ ಅನ್ನಕೆ ನಂಗೆ ಬಾಯಿ ಬರಲ್ಲ. ನಾನು ಹೋಗಿ ಕೈ ತೊಳ್ಕೊಂಡ್ ಬರ್ತೀನಿ."

ಹೋದ. ಬೇಕೆಂದೇ ಹೊತ್ತು ಮಾಡಿದ.

ಆ ಕಾರಿನ ಹಿಂದಿನ ಬಾಗಿಲಿನ ಒಳಹಿಡಿ ಮುರಿದಿತ್ತು, ಹೊರಗಿನಿಂದ ಯಾರಾದರೂ ತೆಗೆಯಬೇಕಿತ್ತು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮುರಿದಿರಲಿಲ್ಲ. ಅದು ನನ್ನ ಕೈಯಲ್ಲಿತ್ತು, ತಣ್ಣಗಿತ್ತು. ನಾನು ಬಸ್ಸು ಹತ್ತಿದರೆ ಸಂಜೆಯೊಳಗೆ ಹೊಸನಗರದ ಪೇಟೆಗೆಲ್ಲ ಸುದ್ದಿ. ಡ್ರೈವರನ ಮನೆಯಲ್ಲಿ ಒಲೆ ಆರುತ್ತದೆ. ತೀರ್ಥಹಳ್ಳಿಗೆ, ಅಪ್ಪನಿಗೆ, ಮಾತು ಹೋಗುತ್ತದೆ. ಇದೆಲ್ಲ ಆ ಹೊತ್ತಿನಲ್ಲಿ ಯೋಚಿಸಿದೆನೋ, ಕುಳಿತದ್ದಕ್ಕೆ ಕಾರಣ ಹುಡುಕುತ್ತಾ ಆಮೇಲೆ ಕೂಡಿಸಿಕೊಂಡೆನೋ. ಕಂಡಕ್ಟರು ಬಾಗಿಲು ಬಡಿದ. ಬಸ್ಸು ಹೊರಟಿತು. ನೀಲಿ ಪರದೆಯ ಸಂದಿನಲ್ಲಿ ಧೂಳು ಒಳಗೆ ಬಂತು.

ಮನೆ ಮುಟ್ಟಲು ಮಧ್ಯಾಹ್ನ ಕಳೆಯಿತು. ಮಾವ ಬಗ್ಗಿ, ಬೀಗದ ಕೈಯಿಂದ ಇನ್ನೊಂದು ಬದಿಯ ಬುಷ್ಷನ್ನು ಚುಚ್ಚಿದರು. ಬೀಗದ ಕೈ ಹಾಗೇ ರಬ್ಬರಿನೊಳಗೆ ಇಳಿಯಿತು.

"ನೋಡ್ರೋ, ಸಾಗರದವ ಹೆಂಗೆ ಟೋಪಿ ಹಾಕಿದಾನೆ! ಹಳೇ ರಬ್ಬರಿಗೆ ಬಣ್ಣ ಬಳ್ದು ಕೂರ್ಸಿದಾನೆ. ನಾನು ತಿಂಗಳ್‌ತಿಂಗಳೂ ಎಣ್ಣೆ ಹಾಕಿದ್ದಕ್ಕೆ ಇಷ್ಟು ದಿನ ಬಂತು." ಆಮೇಲೆ ನನ್ನ ಕಡೆ ತಿರುಗಿ, ನಿಜವಾದ ಅಕ್ಕರೆಯಿಂದ, "ಪಾಪ, ನಿಂಗೆ ಹೋಗಕಾಗ್ಲಿಲ್ಲ ಅಲ್ವಾ ಮಗಾ. ಇರ್ಲಿ, ಇಲ್ಲಿ ನಿಂಗೇನು ಕಮ್ಮಿ," ಅಂದರು.

ಡ್ರೈವರು ಕೈಯೊರೆಸುವ ಬಟ್ಟೆ ಮಡಿಸುತ್ತಾ ನನ್ನತ್ತ ಒಂದು ಸಲ ನೋಡಿದ. ನಾನು ಮಾತಾಡಲಿಲ್ಲ. ಆ ದಿನ ಮಾತಾಡಲಿಲ್ಲ ಎನ್ನುವುದು ನನಗೆ ಗೊತ್ತು. ಈ ಇಡೀ ಬರಹದಲ್ಲಿ ನಾನು ಆಣೆಯಿಟ್ಟು ಹೇಳಬಲ್ಲ ಸಂಗತಿಗಳಲ್ಲಿ ಅದೊಂದು. ಸಾಗರದ ಮೆಕ್ಯಾನಿಕ್ ಮೋಸಗಾರನೆಂದು ಗಿರಣಿಗೆ ಬಂದವರಿಗೆಲ್ಲ ಮಾವ ಹೇಳಿದರು. ಹೊಸನಗರದಿಂದ ಅವನಲ್ಲಿಗೆ ಗಾಡಿಗಳು ಹೋಗುವುದು ನಿಂತಿತೆಂದು ಕೇಳಿದ್ದೇನೆ. ಶಾಲೆಗೆ ಬೇರೆ ಯಾರೋ ಸೇರಿದರು. ಮುಂಬಯಿಗೆ ಮತ್ತೆ ಕಾಗದ ಬರೆದರು, ಬರೆದವಳು ನಾನೇ, ಇಂಗ್ಲಿಷಿನಲ್ಲಿ. ಅದರಲ್ಲೂ ಎಣ್ಣೆಯ ವಿಷಯ ಬರೆಯಲಿಲ್ಲ. ಆ ಮಳೆಗಾಲವೆಲ್ಲ ಕಾರು ಕೊಟ್ಟಿಗೆಯಲ್ಲಿ ನಾಲ್ಕು ಕಲ್ಲಿನ ಮೇಲೆ ನಿಂತಿತು, ಅದರ ಜೊತೆಗೆ ನಾನೂ.

ಮಾವ ಈಗಿಲ್ಲ, ಡ್ರೈವರೂ ಇಲ್ಲ. ಆ ಅಮಾವಾಸ್ಯೆಯ ದಿನ ಜಗಲಿಯಲ್ಲಿ ನನ್ನ ಬಾಯಿಂದ ಮಾತು ಹೊರಟಿತೇ ಎಂದು ಕೇಳಲು ಯಾರೂ ಉಳಿದಿಲ್ಲ. ಗಂಡನನ್ನು ಒಮ್ಮೆ ಕೇಳಿದೆ. "ಹೇಳಿರ್ಬೇಕು ನೀನು, ಹೇಳದೆ ಇರೋಳಲ್ಲ," ಅಂದರು. ಅವರು ಆ ದಿನ ಮನೆಯಲ್ಲೇ ಇರಲಿಲ್ಲ.

ಹೇಳಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ.