ಕಪ್ಪು ಪರದೆಯ ಮುಂದೆ ಮೇಡಂ

ಎಡಗಿವಿಯಲ್ಲೊಂದು ಇಯರ್‌ಫೋನು. ಅದರ ಬಿಳಿ ವೈರು ಕಿವಿಯಿಂದ ಇಳಿದು, ಸೆರಗಿನ ಒಳಗೆ ಹಾದು, ಲ್ಯಾಪ್‌ಟಾಪಿಗೆ ಸೇರುತ್ತಿತ್ತು. ಮಾನ್ವಿಯ ಕಾಲೇಜಿನಲ್ಲಿ ನಮಗೆ ಕಂಪ್ಯೂಟರ್ ಕಲಿಸಿದ ಮೇಡಂ ಎಂದರೆ ನನಗೆ ಮುಖಕ್ಕಿಂತ ಮೊದಲು ನೆನಪಾಗುವುದು ಆ ವೈರು. ಪಾಠ ಮಾಡುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಹಳೇ ಸಿನಿಮಾ ಹಾಡು ಕೇಳುತ್ತಾರೆ ಎಂದು ಹುಡುಗರ ವಾದ, ಕ್ರಿಕೆಟ್ ಕಾಮೆಂಟರಿ ಎಂದು ನನ್ನ ವಾದ.

ಅವರ ಕಿವಿ ಭಾರಿ ಚುರುಕು. ಹಿಂದಿನ ಬೆಂಚಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ಸಾಕು, ತಲೆ ಎತ್ತದೆಯೇ, "ಏ ಕವಿತಾಳದವನೇ, ಕಿಟಕಿ ಕಡಿ ಕುಂತು ಏನ್ ಹರಟಿ ಹೊಡ್ಯಾಕತ್ತೀ?" ಎನ್ನುತ್ತಿದ್ದರು. ಬೋರ್ಡಿನ ಮೇಲೆ ಮಾತ್ರ ತಾವು ಬರೆಯುತ್ತಿರಲಿಲ್ಲ. ಅಕ್ಷರ ದುಂಡಗಿದ್ದ ತಪ್ಪಿಗೆ ಆ ಚಾಕರಿ ನನ್ನ ಪಾಲಿಗೆ ಬಂದಿತ್ತು. ಶನಿವಾರ ಮೇಡಂ ಊರಿಗೆ ಹೊರಟಾಗ, ಬಸ್ಸು ಎದುರಿಗೇ ನಿಂತಿದ್ದರೂ, ಕಂಡಕ್ಟರ್ "ದೇವದುರ್ಗ, ದೇವದುರ್ಗ" ಎಂದು ಕೂಗುವ ತನಕ ಹತ್ತುತ್ತಿರಲಿಲ್ಲ. ಮೇಡಮ್ಮನ ಠೀವಿ ನೋಡು, ಕರೆಯದೆ ಬಸ್ಸೂ ಹತ್ತುವುದಿಲ್ಲ ಎಂದು ನಾವು ನಗುತ್ತಿದ್ದೆವು.

ಮಷಿನ್ ಕೆಟ್ಟಿತೆಂದು ಯಾರಾದರೂ ಕೀಬೋರ್ಡ್ ಕುಟ್ಟಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಕುಟ್ಟಬ್ಯಾಡ್ರಿ. ಅದು ಏನೋ ಹೇಳಾಕತ್ತದ, ಮೊದಲ ಕೇಳ್ರಿ." ಈ ಮಾತನ್ನು ನಾವು ಅವರ ಧಾಟಿಯಲ್ಲೇ ಅಣಕಿಸುತ್ತಿದ್ದೆವು.

ಆ ದಿನ ಲಿನಕ್ಸ್ ಪಾಠ. ಮೇಡಂ ತಮ್ಮ ಲ್ಯಾಪ್‌ಟಾಪ್ ಆನ್ ಮಾಡಿದರು. ನಾನು ಪ್ರೊಜೆಕ್ಟರಿನ ಕೇಬಲ್ ಸಿಕ್ಕಿಸಿ ಪಕ್ಕದಲ್ಲೇ ನಿಂತೆ. ಗೋಡೆಯ ಮೇಲೆ ಏನೂ ಮೂಡಲಿಲ್ಲ. ಕೇಬಲ್ ಸಡಿಲವೇನೋ ಎಂದು ಬಗ್ಗಿ ನೋಡಿದರೆ, ಲ್ಯಾಪ್‌ಟಾಪಿನ ಪರದೆಯೂ ರೊಟ್ಟಿ ಹಂಚಿನಷ್ಟು ಕಪ್ಪು. ಮೇಡಂ ಅವರ ಬೆರಳುಗಳು ಮಾತ್ರ ಸರಾಗವಾಗಿ ಓಡುತ್ತಿದ್ದವು.

"ನೋಡ್ರಿ, ಈಗ ಫೋಲ್ಡರ್ ತೆರೀತು. ಒಳಗ ಏನೇನದ, ಒಬ್ಬೊಬ್ಬರ ಓದ್ರಿ."

ಯಾರೂ ಓದಲಿಲ್ಲ.

"ಮೇಡಂ, ಏನೂ ಕಾಣವಲ್ಲದ್ರಿ" ಎಂದೆ.

"ಪ್ರೊಜೆಕ್ಟರ್ ಬಿಸಿಯಾಗಬೇಕವ್ವಾ, ತಡಿ."

"ಲ್ಯಾಪ್‌ಟಾಪಿನ್ಯಾಗೂ ಕಾಣವಲ್ಲದ್ರಿ. ಎಲ್ಲಾ ಕಪ್ಪಾಗ್ಯದ."

ಬೆರಳುಗಳು ನಿಂತವು. "ಯಾವಾಗಿಂದ?"

"ಮೊದಲಿಂದನೂ ರೀ."

ಇಡೀ ಕ್ಲಾಸಿಗೆ ಒಟ್ಟಿಗೇ ಅರ್ಥವಾಯಿತು. ಮೇಡಂ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಕಾಲೇಜು ಮತ್ತೆ ಕರೆದರೆ ಕೆಲಸ ಉಂಟು, ಕರೆಯದಿದ್ದರೆ ಇಲ್ಲ. ಕಣ್ಣು ಕಾಣದವರ ಕೈಗೆ ಕಂಪ್ಯೂಟರ್ ಲ್ಯಾಬ್ ಯಾರು ಕೊಡುತ್ತಾರೆ?

ಅವರು ಸಣ್ಣಗೆ ನಕ್ಕರು. "ಹೆಂಗೂ ತಿಳೀತಲ್ಲ. ಹೋದ ವರ್ಷದ ತನಕ ಅಕ್ಷರ ಮಸುಕು ಮಸುಕು ಕಾಣ್ತಿದ್ವು. ಈಗ ಕಿಟಕಿ ಬೆಳಕೊಂದು ತಿಳೀತದ, ಅಷ್ಟ. ಹೇಳಿದ್ರ ಈ ಕೆಲಸ ಹೋಗ್ತದಂತ ಅಂಜಿದ್ದೆ." ಹಾಗೆಂದವರೇ ಇಯರ್‌ಫೋನಿನ ಪಿನ್ನನ್ನು ಎಳೆದುಬಿಟ್ಟರು.

ಲ್ಯಾಪ್‌ಟಾಪ್ ಮಾತಾಡತೊಡಗಿತು. ಹಾಡಲ್ಲ, ಕ್ರಿಕೆಟ್ಟೂ ಅಲ್ಲ. ಪರದೆಯ ಮೇಲೆ ಇರಬೇಕಾದ ಅಕ್ಷರಗಳನ್ನೆಲ್ಲ ಒಂದು ಗಂಡುದನಿ ಇಂಗ್ಲಿಷಿನಲ್ಲಿ ಉಸಿರು ಬಿಡದೆ ಓದುತ್ತಿತ್ತು; ನಮ್ಮ ಭತ್ತದ ಮಾರ್ಕೆಟ್ಟಿನ ಹರಾಜಿನಲ್ಲಿ ಸವಾಲು ಕೂಗುವವರೂ ಅದರ ಹಿಂದೆ ಓಡಲಾರರು. ನಮಗೆ ಒಂದು ಶಬ್ದವೂ ಹತ್ತಲಿಲ್ಲ. ಮೇಡಂ ತಲೆ ವಾಲಿಸಿ ಕೇಳುತ್ತಿದ್ದರು, ಟೈಪ್ ಮಾಡುತ್ತಿದ್ದರು, ಮತ್ತೆ ಕೇಳುತ್ತಿದ್ದರು.

"ನಿನ್ನಿ ಅಪ್‌ಡೇಟ್ ಹಾಕಿದ್ದೆ. ಪರದಿಗೆ ಚಿತ್ರ ಕಳಿಸೋ ಗ್ರಾಫಿಕ್ಸ್ ಡ್ರೈವರ್ ಹೊಸದು ಬಂದದ, ಅದು ಈ ಕಾರ್ಡಿಗೆ ಒಗ್ಗವಲ್ಲದು. ಮಷಿನ್ ಎದ್ದದ, ಪರದಿ ಎದ್ದಿಲ್ಲ. ಹೊಸದು ತಗದು ಹಳೇದು ಕೂಡಿಸೋಣು, ಬರಕೋರಿ" ಎನ್ನುತ್ತ ಒಂದೊಂದೇ ಕಮಾಂಡನ್ನು ನಮಗೆ ಹೇಳಿಕೊಡುತ್ತಲೇ ಹಾಕಿದರು. ನಮ್ಮೆಲ್ಲರ ಲೆಕ್ಕದಲ್ಲಿ ಆ ಲ್ಯಾಪ್‌ಟಾಪ್ ಸತ್ತಿತ್ತು. ಅವರಿಗೆ ಅದು ನಿನ್ನೆ ಹೇಗಿತ್ತೋ ಹಾಗೇ ಇತ್ತು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಅಂಥ ವಿದ್ಯೆಯನ್ನು ಅಷ್ಟು ಹತ್ತಿರದಿಂದ ಆಮೇಲೆ ನಾನು ಮತ್ತೆಲ್ಲೂ ನೋಡಿಲ್ಲ.

ರೀಸ್ಟಾರ್ಟ್ ಕೊಟ್ಟಾಗ ದನಿಯೂ ನಿಂತಿತು. ಮೇಡಂ ಅಂಗೈಯನ್ನು ಲ್ಯಾಪ್‌ಟಾಪಿನ ಮೇಲಿಟ್ಟು ಕಾದರು. ದನಿ ಮರಳಿತು. ಆದರೆ ದನಿ ಮೊದಲೂ ಇತ್ತಲ್ಲ! ಪರದೆ ಹೊತ್ತಿತೋ ಇಲ್ಲವೋ ಎಂಬುದು ಆ ಕೋಣೆಯಲ್ಲಿ ತಿಳಿಯದೇ ಇದ್ದದ್ದು ಅವರೊಬ್ಬರಿಗೇ. ನಾನು ನಿಂತಿದ್ದ ಕಡೆ ಮುಖ ತಿರುಗಿಸಿ ಕೇಳಿದರು.

"ಬಂತೇನವ್ವಾ?"

"ಬಂತ್ರೀ ಮೇಡಂ!" ಇಡೀ ಕ್ಲಾಸು ಕೂಗಿತು.

ಮಧ್ಯಾಹ್ನ ತಾವಾಗಿಯೇ ಪ್ರಿನ್ಸಿಪಾಲರ ಕೋಣೆಗೆ ಹೊರಟರು. ಮೊದಲ ಬಾರಿಗೆ ನನ್ನ ಭುಜ ಹಿಡಿದು ನಡೆದರು. "ಸರ್, ನನಗ ಕಣ್ಣು ಕಾಣಂಗಿಲ್ರಿ. ಪಾಠ ಮಾಡಾಕ ಬರ್ತದ. ಬಂದು ಕುಂತು ನೋಡ್ರಿ" ಎಂದರು. ಪ್ರಿನ್ಸಿಪಾಲರು ಮುಂದಿನ ವರ್ಷದ ಮಾತು ಈಗಲೇ ಹೇಳಲಾರೆ ಎಂದರು. ಆಮೇಲೆ ಕೆಲವು ಸಲ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಏನೂ ಹೇಳದೆ ಎದ್ದುಹೋದರು. ಮೇಡಂ ಇಯರ್‌ಫೋನನ್ನು ಮತ್ತೆ ಸೆರಗಿನಲ್ಲಿ ಮುಚ್ಚಿಡಲಿಲ್ಲ.

ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ನಾನೀಗ ರಾಯಚೂರಿನ ಒಂದು ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಪರದೆ ಕಪ್ಪಾಯಿತೆಂದು ಗಾಬರಿಯಿಂದ ಲ್ಯಾಪ್‌ಟಾಪ್ ತಂದವರ ಎದುರು ಮೊದಲು ಕಿವಿ ಕೊಟ್ಟು ಕೂರುತ್ತೇನೆ. ನನ್ನ ಅನ್ನದ ದಾರಿ ಅವರು ಹಾಕಿಕೊಟ್ಟದ್ದು. ಅದಕ್ಕೆ ಬದಲಾಗಿ ಅವರಿಗೆ ಏನಾದರೂ ಕೊಡಲು ಸಾಧ್ಯವಾದದ್ದು ನನಗೆ ಒಂದೇ ಸಲ.

ರಜೆ ಮುಗಿದು ಹೊಸ ವರ್ಷದ ಅತಿಥಿ ಉಪನ್ಯಾಸಕರ ಹೆಸರುಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ ದಿನ ಅದು. ಮೇಡಂ ಗುಂಪಿನಿಂದ ದೂರ, ಕಂಬದ ಪಕ್ಕ ನಿಂತಿದ್ದರು. ಗಾಜಿನ ಹಿಂದಿನ ಕಾಗದವನ್ನು ಓದಿ ಹೇಳುವ ದನಿ ಅವರ ಇಯರ್‌ಫೋನಿನಲ್ಲಿ ಇರಲಿಲ್ಲ. ನಾನು ನುಗ್ಗಿ, ಓದಿ, ಹಿಂದಿರುಗಿ ಬಂದೆ. ನನ್ನ ಹೆಜ್ಜೆ ಗುರುತು ಹಿಡಿದು ಮುಖ ಎತ್ತಿದರು. ಲ್ಯಾಬಿನಲ್ಲಿ ಕೇಳದಿದ್ದ ಒಂದು ನಡುಕ ಆ ದನಿಯಲ್ಲಿತ್ತು.

"ಬಂತೇನವ್ವಾ?"

ನಾನು ಅವರ ಪಕ್ಕಕ್ಕೆ ಬಂದು ನಿಂತೆ.

"ಬಂತ್ರೀ ಮೇಡಂ."

ಅವರು ಕೈಚಾಚಿ ನನ್ನ ಭುಜ ಹುಡುಕಿದರು. "ಹಂಗಾರ ನಡಿ" ಎಂದರು, "ಲ್ಯಾಬಿನ ಬೀಗ ತಗಿ."