ಉಪ್ಪುಂದದ ಗದ್ದೆಯಲ್ಲಿ ಉರಿದ ಟ್ರ್ಯಾಕ್ಟರ್

ಅಣ್ಣನ ಟ್ರ್ಯಾಕ್ಟರ್ ಸುಟ್ಟುಹೋದದ್ದು ನಮ್ಮ ಗದ್ದೆಯಲ್ಲಿ. ಅಷ್ಟು ನೀರಿನ ನಡುವೆ ಅದು ಹೇಗೆ ಉರಿಯಿತು ಎಂದು ಆಮೇಲೆ ತುಂಬ ಜನ ಕೇಳಿದರು.

ನನ್ನನ್ನು ಉಪ್ಪುಂದಕ್ಕೆ ಕೊಟ್ಟಿದ್ದರು. ಅಣ್ಣ ಯಡ್ತರೆಯ ತವರುಮನೆಯಲ್ಲಿದ್ದ. ಎತ್ತು ಮಾರಿದ ಮೇಲೆ ಒಂದು ಹಳೆಯ ಟ್ರ್ಯಾಕ್ಟರ್ ತಂದಿದ್ದ. ನನ್ನ ಗಂಡ ತೀರಿಕೊಂಡ ಮೇಲಂತೂ, ಮಳೆ ಹಿಡಿದರೆ ಮೊದಲು ನಮ್ಮ ಗದ್ದೆ ಹೂಡಿ ಆಮೇಲೆಯೇ ಉಳಿದವರದ್ದಕ್ಕೆ ಹೋಗುತ್ತಿದ್ದ.

ಆ ದಿನ ಎರಡು ಗದ್ದೆ ಮುಗಿಸಿ ಚಾ ಕುಡಿಯಲು ಜಗಲಿಗೆ ಬಂದವನ ಕೈ ಡೀಸೆಲ್ ನಾರುತ್ತಿತ್ತು.

"ಪೈಪ್ ಒಸರ್ತಾ ಇತ್ತ್ ತಂಗಿ. ಕೋಟೇಶ್ವರದ ಮೆಕ್ಯಾನಿಕ್ ನಾಡಿದ್ದ್ ಬತ್ತ್ರ್. ಉಳ್ದದ್ದ್ ಆಮೇಲೆ ಹೂಡುವ" ಎಂದ.

"ನಾಳೆ ನೆಟ್ಟಿ ಹೆಂಗಸ್ರ್ ಬತ್ತ್ರ್ ಅಣ್ಣ. ಇದೊಂದ್ ಗದ್ದೆ ಮುಗ್ಸಿ ಹೋಗ್" ಎಂದೆ. ಒಮ್ಮೆ ತಪ್ಪಿದರೆ ಸಸಿ ನೆಡುವ ಆ ಹೆಂಗಸರು ಮತ್ತೆ ಒಂದು ವಾರ ಸಿಗುತ್ತಿರಲಿಲ್ಲ.

ಅವನು ಲೋಟ ಕೆಳಗಿಟ್ಟು, "ಆಯ್ತ್" ಎಂದು ಎದ್ದ.

ನಾನು ಅಂಚಿನ ಮೇಲೆ ನಿಂತು ನೋಡುತ್ತಿದ್ದೆ. ಗದ್ದೆಯ ಮೂಲೆಯಲ್ಲಿ ಚಕ್ರ ಹೂತು, ಎಂಜಿನ್ ಜೋರಾಗಿ ನರಳಿತು. ಮುಂಭಾಗದಿಂದ ಹೊಗೆ ಬಂತು, ಹಿಂದೆಯೇ ಬೆಂಕಿ. ಬಿರುಕುಬಿಟ್ಟ ಪೈಪಿನಿಂದ ಡೀಸೆಲ್ ಚಿಮ್ಮಿ ಕಾದ ಸೈಲೆನ್ಸರ್ ಮೇಲೆ ಬಿದ್ದಿತ್ತೆಂದು ಆಮೇಲೆ ಮೆಕ್ಯಾನಿಕ್ ಹೇಳಿದ.

ಅಣ್ಣ ಹಾರಿ ಕೆಸರಿಗೆ ಬಿದ್ದ. ಅಲ್ಲಿಗೇ ಬಿಟ್ಟು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಡೀಸೆಲ್ ಬಂದ್ ಮಾಡಬೇಕೆಂದು ತಿರುಗಿ ಹೋಗಿ ಬೆಂಕಿಯೊಳಗೆ ಬಲಗೈ ಹಾಕಿದ. ನಾನು ಕೂಗುತ್ತ ಗದ್ದೆಗಿಳಿದೆ. ಪಕ್ಕದ ಮನೆಯವರು ಓಡಿಬಂದು ಅವನನ್ನು ಎಳೆದರು. ಎಲ್ಲರೂ ಬೊಗಸೆಯಲ್ಲಿ ಕೆಸರು ಎರಚಿದೆವು. ನೀರಿನ ಮೇಲೆ ಹರಡಿದ ಡೀಸೆಲ್ಲೂ ಹೊತ್ತಿಕೊಂಡಾಗ ಹಿಂದೆ ಸರಿದೆವು. ಬೆಂಕಿ ಆರಿಸುವ ಗಾಡಿ ಬರುವಷ್ಟರಲ್ಲಿ ಚಕ್ರದ ರಬ್ಬರೂ ಉಳಿದಿರಲಿಲ್ಲ.

ಕುಂದಾಪುರದ ಆಸ್ಪತ್ರೆಯಲ್ಲಿ ಅತ್ತಿಗೆ ಮಂಚದ ಪಕ್ಕ ಕೂತಿದ್ದರು. "ಪೈಪ್ ಸರಿ ಇಲ್ಲೆ ಅಂತ ಬೆಳಿಗ್ಗೆ ನಂಗೇ ಹೇಳಿದ್ರ್. ಮತ್ತೆ ಎಂತಕ್ಕೆ ಹೂಡೂಕೆ ಹೋದ್ರೋ" ಎಂದರು. ಹೇಳಬೇಕಾದವಳು ನಾನು.

ಅಣ್ಣ ಕಣ್ಣು ಮುಚ್ಚಿಕೊಂಡೇ, "ಒಂದ್ ಗದ್ದೆ ಅಲ್ದಾ ಅಂದ್ಕಂಡೆ" ಎಂದ. ಅತ್ತಿಗೆ ಮತ್ತೆ ಕೇಳಲಿಲ್ಲ. ನಾನು ಮದ್ದಿನ ಚೀಟಿ ತೆಗೆದುಕೊಂಡು ಹೊರಗೆ ಹೋದೆ.

ಗಾಯ ಮಾಯಿತು, ಆದರೆ ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಂಡೇ ಉಳಿದವು. ಸ್ಟೇರಿಂಗ್ ಹಿಡಿಯುವುದಿರಲಿ, ಅನ್ನ ಕಲಸಲೂ ಆಗುತ್ತಿರಲಿಲ್ಲ. ಮನೆಯಲ್ಲಿ ಚಮಚದಲ್ಲಿ ಉಂಡ. ಎಡಗೈಯಲ್ಲಿ ಉಣ್ಣುವುದನ್ನು ಊರವರು ನೋಡುವುದು ಬೇಡವೆಂದು ಮದುವೆ, ಮುಂಜಿ, ಸತ್ತವರ ಬೊಜ್ಜ, ಎಲ್ಲ ಬಿಟ್ಟ. ಪಂಕ್ತಿಯಲ್ಲಿ ಅವನ ಪಕ್ಕ ಕೂರಲು ಜನ ಪೈಪೋಟಿ ಮಾಡುತ್ತಿದ್ದ ಕಾಲವಿತ್ತು, ಅಷ್ಟು ನಗಿಸುತ್ತಿದ್ದ.

ಮೂರು ವರ್ಷದ ನಂತರ ನನ್ನ ಮಗಳ ಮದುವೆಗೆ ಬಂದ, ಸೋದರಮಾವ ಬಾರದಿದ್ದರೆ ಆಗುವುದಿಲ್ಲವೆಂದು. ಬಲಗೈಗೆ ಶಾಲು ಸುತ್ತಿ, ಎಡಗೈಯಲ್ಲಿ ಮಗಳ ಕೈ ಹಿಡಿದು ಮಂಟಪಕ್ಕೆ ಕರೆತಂದ. ಊಟದ ಹೊತ್ತಿಗೆ ಕಾಣಲಿಲ್ಲ. ಹುಡುಕಿದರೆ, ಛತ್ರದ ಹಿಂದೆ ಅಕ್ಕಿ ಚೀಲದ ಮೇಲೆ ಒಬ್ಬನೇ ಕೂತಿದ್ದ. ನಾನು ತಟ್ಟೆ, ಚಮಚ ತಂದುಕೊಟ್ಟು ಎದುರು ಕೂತೆ.

"ಅವತ್ತ್ ನಾನ್ ಹೇಳದೆ ಇದ್ರೆ ನೀನ್ ಹೂಡ್ತಿರ್ಲಿಲ್ಲ ಅಣ್ಣ" ಎಂದೆ.

"ಹೂಡ್ತಿರ್ಲಿಲ್ಲ" ಎಂದ. ಆಮೇಲೆ, "ಅತ್ತಿಗೆಗ್ ಹೇಳ್ಬೇಡ. ನೀನ್ ನಮ್ ಮನಿಗೆ ಬಪ್ಪುದ್ ನಿಲ್ತ್" ಎಂದ.

ಹೋದ ವರ್ಷ ಅಣ್ಣ ತೀರಿಹೋದ. ನಾನು ಈಗಲೂ ಯಡ್ತರೆಗೆ ಹೋಗುತ್ತೇನೆ, ಅತ್ತಿಗೆ ಅದೇ ಪ್ರೀತಿಯಲ್ಲಿ ಬಡಿಸುತ್ತಾರೆ. ಪ್ರತಿ ಸಲ ಹೇಳಿಬಿಡಬೇಕೆಂದು ಹೊರಡುತ್ತೇನೆ, ಹೇಳದೆ ಬಸ್ಸು ಹತ್ತುತ್ತೇನೆ.